ಕೊನೆಯ ಪಾಯಿಂಟ್ ಬಿಟ್ಟುಕೊಡಬೇಡಿ: ಧಾರಾವಾಹಿ ಮಾಡುವವರಿಗೆ ಮಂಗಳೂರಿನ ಟೇಬಲ್ ಟೆನಿಸ್ (ಟಿಟಿ) ಮಂದಿಯ ಬಹಿರಂಗ ಪತ್ರ

ಕನ್ನಡ ಮನರಂಜನಾ ವಾಹಿನಿಗಳ ಕಥಾ ವಿಭಾಗಕ್ಕೆ, ನಿರ್ದೇಶಕರಿಗೆ, ಚಿತ್ರಕಥೆ ಮತ್ತು ಸಂಭಾಷಣೆ ಬರೆಯುವವರಿಗೆ,

ಮಾನ್ಯರೇ,

ಕ್ರೀಡೆಯ ಕಥೆಯಲ್ಲಿ ಇಬ್ಬರು ಗೆಳೆಯರು ಬಂದರೆಂದರೆ ಕೊನೆಯ ಸಂಚಿಕೆ ಹೇಗಿರುತ್ತದೆಂದು ನೋಡುವವರಿಗೆಲ್ಲ ಮೊದಲೇ ಗೊತ್ತು. ಫೈನಲ್‌ನಲ್ಲಿ ಇಬ್ಬರೂ ಎದುರಾಬದುರು. ಒಬ್ಬನ ಮನೆಯಲ್ಲಿ ಕಷ್ಟ. ಕಪ್ ಗೆದ್ದರೆ ಅವನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ. ಇನ್ನೊಬ್ಬ ಕೊನೆಯ ಪಾಯಿಂಟಿಗೆ ಕಣ್ಣು ಮುಚ್ಚಿ ಚೆಂಡನ್ನು ನೆಟ್‌ಗೆ ಹೊಡೆಯುತ್ತಾನೆ. ಹಿನ್ನೆಲೆಯಲ್ಲಿ ಕೊಳಲು, ಮುನ್ನೆಲೆಯಲ್ಲಿ ಅಮ್ಮನ ಕಣ್ಣೀರು.

ಚೀನಾ, ಜಪಾನ್‌ಗಳಲ್ಲಿ ಟೇಬಲ್ ಟೆನಿಸ್ ಸುತ್ತ ಧಾರಾವಾಹಿಗಳೂ ಆನಿಮೇಷನ್‌ಗಳೂ ಬಂದಿವೆ. ನಮ್ಮ ಮಕ್ಕಳು ಸಬ್‌ಟೈಟಲ್ ಓದಿಕೊಂಡು ಮೊಬೈಲಿನಲ್ಲಿ ಅವನ್ನು ನೋಡುತ್ತಾರೆ. ಕನ್ನಡದಲ್ಲೂ ಅಂಥದ್ದೊಂದು ಬಂದರೆ ಮೊದಲು ಕೂತು ನೋಡುವವರು ನಾವೇ. ನಾವೆಂದರೆ ಮಂಗಳೂರು, ಉಡುಪಿ ಕಡೆ ಟಿಟಿ ಕಲಿಸುವವರು, ಆಡುವವರು, ಅಂಪೈರಿಂಗ್ ಮಾಡುವವರು. ನಮ್ಮ ಕೋರಿಕೆ ಒಂದೇ: ತ್ಯಾಗವನ್ನು ಫೈನಲ್ ಪಂದ್ಯದೊಳಗೆ ತುರುಕಬೇಡಿ. ಟಿಟಿಯಲ್ಲಿ ತ್ಯಾಗ ಇದೆ, ಧಾರಾಳವಾಗಿ ಇದೆ. ಆದರೆ ಅದು ನಡೆಯುವುದು ಪ್ರಾಕ್ಟೀಸ್ ಹಾಲ್‌ನಲ್ಲಿ, ಪ್ರೇಕ್ಷಕರು ಯಾರೂ ಇಲ್ಲದ ಹೊತ್ತಿನಲ್ಲಿ. ಕ್ಯಾಮೆರಾ ಅಲ್ಲಿಗೆ ತನ್ನಿ.

ಮೊದಲಿಗೆ ನಿಯಮ. ಆಟಗಾರ ಗೆಲ್ಲಲು ತನ್ನ ಕೈಲಾದಷ್ಟೂ ಪ್ರಯತ್ನ ಮಾಡಲೇಬೇಕು. ಅನಾರೋಗ್ಯ ಅಥವಾ ಗಾಯದ ಹೊರತು ಪಂದ್ಯದಿಂದ ಹಿಂದೆ ಸರಿಯುವಂತಿಲ್ಲ. ಇದು ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್ನಿನ ನಿಯಮಾವಳಿಯಲ್ಲೇ ಬರೆದಿರುವ ಮಾತು. ಅಂದರೆ ನಿಮ್ಮ ನಾಯಕ ಕಣ್ಣು ಮುಚ್ಚಿ ನೆಟ್‌ಗೆ ಹೊಡೆದ ಆ ಪಾಯಿಂಟು ಶಿಸ್ತು ಉಲ್ಲಂಘನೆ. ಬ್ಯಾಡ್ಮಿಂಟನ್‌ನಲ್ಲಿ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೇಕೆಂದೇ ಸೋಲಲು ಹೊರಟ ನಾಲ್ಕು ಜೋಡಿಗಳನ್ನು ಕೂಟದಿಂದಲೇ ಹೊರಹಾಕಿದ್ದು ನಿಮಗೂ ನೆನಪಿರಬಹುದು.

ನಿಯಮ ಬದಿಗಿರಲಿ, ಆ ದೃಶ್ಯ ಆಟದ ಲೆಕ್ಕದಲ್ಲೂ ನಿಲ್ಲುವುದಿಲ್ಲ. ಹತ್ತು ವರ್ಷ ಒಟ್ಟಿಗೆ ಆಡಿದವನ ಎದುರು ಯಾರಿಗೂ ಗುಟ್ಟಾಗಿ ಸೋಲಲು ಬರುವುದಿಲ್ಲ. ಪಳಗಿದ ಆಟಗಾರ ಬೇಕೆಂದೇ ಸೋಲುವಾಗ ನೆಟ್‌ಗೆ ಹೊಡೆಯುವುದಿಲ್ಲ, ಅದು ಗ್ಯಾಲರಿಯ ಮಗುವಿಗೂ ಕಾಣುತ್ತದೆ. ಅವನು ಮಾಡುವುದು ಬಹಳ ಸಣ್ಣ ಕೆಲಸ. ಎದುರಿನವನ ಬದಿಯಲ್ಲಿ ಎರಡನೇ ಪುಟಿತವೂ ಮೇಜಿನ ಮೇಲೇ ಬೀಳಬೇಕಾದ ಶಾರ್ಟ್ ಸರ್ವಿಸನ್ನು ಒಂದು ಗೇಣು ಉದ್ದ ಬಿಡುತ್ತಾನೆ. ಎದುರಿನವನಿಗೆ ಟಾಪ್‌ಸ್ಪಿನ್, ಅಂದರೆ ಚೆಂಡನ್ನು ಮುಂದಕ್ಕೆ ತಿರುಗಿಸುವ ಹೊಡೆತ, ಎಳೆಯಲು ಬಾಗಿಲು ತೆರೆದ ಹಾಗೆ. ಮೊಣಕೈಯ ಕಡೆಗೆ, ಅಂದರೆ ಅಂಗೈ ಬದಿಯ ಫೋರ್‌ಹ್ಯಾಂಡೋ ಕೈಹಿಂಬದಿಯ ಬ್ಯಾಕ್‌ಹ್ಯಾಂಡೋ ಎಂದು ಕೈ ತಡವರಿಸುವ ಜಾಗಕ್ಕೆ ಹೋಗಬೇಕಾದ ಚೆಂಡನ್ನು ಗೆಳೆಯನ ಬಲವಾದ ಫೋರ್‌ಹ್ಯಾಂಡಿಗೆ ಹಾಕುತ್ತಾನೆ. ಬ್ಲಾಕ್ ಮಾಡುವಾಗ, ಅಂದರೆ ಬಂದ ಚೆಂಡಿಗೆ ಬ್ಯಾಟ್ ಅಡ್ಡ ಹಿಡಿದು ವಾಪಸ್ ಕಳಿಸುವಾಗ, ಅದನ್ನು ಒಂದಿಷ್ಟು ಹೆಚ್ಚು ಮೇಲಕ್ಕೆ ತೆರೆದು ಹಿಡಿಯುತ್ತಾನೆ, ಚೆಂಡು ನಾಲ್ಕು ಬೆರಳು ಎತ್ತರ ಏಳುತ್ತದೆ. ಗ್ಯಾಲರಿಗೆ ಇದ್ಯಾವುದೂ ತಿಳಿಯದು. ಆದರೆ ಆ ಸರ್ವಿಸನ್ನು ವರ್ಷಗಟ್ಟಲೆ ದಿನಾ ಎತ್ತಿದ ಗೆಳೆಯನಿಗೆ ಮೂರನೇ ಪಾಯಿಂಟಿಗೇ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಅವನ ಕೈ ಓಡುವುದಿಲ್ಲ. ಸಿಟ್ಟು ಬರುತ್ತದೆ, ಬಂದ ಸುಲಭ ಚೆಂಡೂ ಹೊರಗೆ ಹೋಗುತ್ತದೆ. ನಾಟಕ ಬೇಕಾದರೆ ಇಲ್ಲಿದೆ: ಸೋಲಲು ಹೊರಟವನೂ ಗೆಲ್ಲಲೊಲ್ಲದವನೂ ಒಂದೇ ಮೇಜಿನ ಎರಡು ತುದಿಯಲ್ಲಿ. ಟೈಮ್‌ಔಟ್ ಕೇಳಿದವನು ಕೋಚ್ ಕಡೆ ಹೋಗದೆ ಗೆಳೆಯನ ಮುಖವನ್ನೇ ನೋಡುತ್ತ ನಿಂತರೆ ಸಂಭಾಷಣೆಯೇ ಬೇಡ.

ತಾಳಮದ್ದಳೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರು ಕೂತ ಅರ್ಥಧಾರಿ (ಪಾತ್ರದ ಮಾತಾಡುವವರು) ಸ್ನೇಹಕ್ಕೆಂದು ವಾದ ಸಡಿಲ ಬಿಟ್ಟರೆ ಇನ್ನೊಬ್ಬರ ಅರ್ಥಗಾರಿಕೆಯೂ ಸಪ್ಪೆಯಾಗುತ್ತದೆ.

ಬಿಟ್ಟುಕೊಡುವ ಕಥೆ ಬೇಕೇ ಬೇಕೆಂದರೆ ನಡೆದದ್ದೇ ಒಂದಿದೆ, ಅದೂ ನಮ್ಮ ದೆಹಲಿಯಲ್ಲಿ. 1987ರ ವಿಶ್ವ ಚಾಂಪಿಯನ್‌ಷಿಪ್. ಮಹಿಳೆಯರ ಸಿಂಗಲ್ಸ್ ಸೆಮಿಫೈನಲ್‌ನಲ್ಲಿ ಚೀನಾದವರೇ ಇಬ್ಬರು: ಹೆ ಝಿಲಿ ಮತ್ತು ಗುವಾನ್ ಜಿಯಾನ್‌ಹುವಾ. ಫೈನಲ್‌ನಲ್ಲಿ ಯಾರಿದ್ದರೆ ತಂಡಕ್ಕೆ ಅನುಕೂಲ ಎಂದು ಲೆಕ್ಕ ಹಾಕಿದ ತಂಡದ ಆಡಳಿತ, ಗುವಾನ್‌ಗೆ ಬಿಟ್ಟುಕೊಡುವಂತೆ ಹೆ ಝಿಲಿಗೆ ಸೂಚಿಸಿತ್ತು. ಆಕೆ ಬಿಟ್ಟುಕೊಡಲಿಲ್ಲ. ಆಡಿದಳು, ಗೆದ್ದಳು, ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಯಾಂಗ್ ಯಂಗ್-ಜಾರನ್ನೂ ಸೋಲಿಸಿ ವಿಶ್ವ ಚಾಂಪಿಯನ್ ಆದಳು. ಮರುವರ್ಷ ಸೋಲ್ ಒಲಿಂಪಿಕ್ಸ್. ಟೇಬಲ್ ಟೆನಿಸ್ ಒಲಿಂಪಿಕ್ಸ್‌ಗೆ ಕಾಲಿಟ್ಟದ್ದೇ ಆಗ. ಹಾಲಿ ವಿಶ್ವ ಚಾಂಪಿಯನ್ ಹೆಸರು ಚೀನಾ ತಂಡದಲ್ಲಿ ಇರಲಿಲ್ಲ. ಆಕೆ ಜಪಾನಿಗೆ ಹೋಗಿ ಚಿರೆ ಕೊಯಾಮ ಎಂಬ ಹೆಸರಿನಲ್ಲಿ ಆಡಿದಳು. 1994ರ ಹಿರೋಶಿಮಾ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ, ಆಗ ಯಾರಿಂದಲೂ ಅಲುಗಿಸಲಾಗದಂತಿದ್ದ ಚೀನಾದ ಡೆಂಗ್ ಯಾಪಿಂಗ್‌ರನ್ನು ಸೋಲಿಸಿ ಚಿನ್ನ ಗೆದ್ದಳು. ಈ ಕಥೆಯಲ್ಲಿ ತ್ಯಾಗ ಮಾಡಿದ್ದು ಯಾರು, ಯಾರಿಗೋಸ್ಕರ? ನಿಮ್ಮ ಬರಹಗಾರರು ಒಂದು ರಾತ್ರಿ ಕೂತು ಯೋಚಿಸಲಿ. ಖಳನಾಯಕಿಯೇ ಇಲ್ಲದೆ ನೂರು ಸಂಚಿಕೆಗಾಗುವಷ್ಟು ಸರಕು ಇದರಲ್ಲಿದೆ.

ಈಗ ನಾವು ಹೇಳುವ ಆ ಬೇರೆ ಜಾಗಕ್ಕೆ ಬರುತ್ತೇವೆ.

ಟಿಟಿಯಲ್ಲಿ ಒಬ್ಬ ಒಳ್ಳೆಯ ಆಟಗಾರ ತಯಾರಾಗಬೇಕಾದರೆ ಇನ್ನೊಬ್ಬ ತನ್ನ ಆಟವನ್ನು ಸ್ವಲ್ಪ ಕೊಲ್ಲಬೇಕಾಗುತ್ತದೆ. ಇದು ಉತ್ಪ್ರೇಕ್ಷೆ ಅಲ್ಲ. ಟಾಪ್‌ಸ್ಪಿನ್ ಅಭ್ಯಾಸ ಮಾಡುವವನ ಎದುರು ಇನ್ನೊಬ್ಬ ನಿಂತು ಬ್ಲಾಕ್ ಮಾಡುತ್ತಾನೆ. ಚೆಂಡನ್ನು ಒಂದೇ ಜಾಗಕ್ಕೆ, ಒಂದೇ ವೇಗದಲ್ಲಿ, ಅರ್ಧ ಗಂಟೆ. ನೋಡುವವರಿಗೆ ಅವನು ಸುಮ್ಮನೆ ಬ್ಯಾಟ್ ಅಡ್ಡ ಹಿಡಿದ ಹಾಗೆ ಕಾಣುತ್ತದೆ. ಎಳೆಯುವವನ ಸೊಂಟ, ಭುಜ, ಕಾಲು ಎಲ್ಲ ಬಲಿಯುತ್ತವೆ. ಬ್ಲಾಕ್ ಮಾಡುವವನ ಕಾಲು ನಿಂತಲ್ಲೇ ಇರುತ್ತದೆ. ನ್ಯಾಯವಾಗಿ ಇಬ್ಬರೂ ಹತ್ತು ಹತ್ತು ನಿಮಿಷಕ್ಕೆ ಬದಲಾಯಿಸಿಕೊಳ್ಳಬೇಕು. ಒಬ್ಬನಿಗೆ ಮುಂದಿನ ವಾರ ರಾಜ್ಯ ರ‍್ಯಾಂಕಿಂಗ್ ಟೂರ್ನಿ ಇದ್ದು ಇನ್ನೊಬ್ಬ ಮೊದಲ ಸುತ್ತಿನಲ್ಲೇ ಹೊರಬೀಳುವವನಾದರೆ ಆ ಬದಲಾವಣೆ ತಾನಾಗಿ ನಿಂತುಹೋಗುತ್ತದೆ. ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಎರಡು ವರ್ಷ ಕಳೆದ ಮೇಲೆ ಒಬ್ಬ ರಾಜ್ಯ ತಂಡದಲ್ಲಿ, ಇನ್ನೊಬ್ಬನ ಬ್ಲಾಕ್ ಮಾತ್ರ ಊರಿಗೇ ನಂಬರ್ ಒನ್. ಗಡಿಯಾರದ ಕಡೆ ಕೈ ತೋರಿಸದೆ ಇನ್ನೊಂದು ಚೆಂಡು ಎತ್ತಿಕೊಳ್ಳುವ ಆ ಹುಡುಗನ ಮೇಲೆ ಒಂದು ಕ್ಲೋಸಪ್ ಇಡಿ ಸಾಕು.

ಮಲ್ಟಿಬಾಲ್ ಇನ್ನೂ ಚೆನ್ನಾಗಿ ಕಾಣುತ್ತದೆ, ದೃಶ್ಯವಾಗಿಯೂ ಹಬ್ಬ. ಒಂದು ಬುಟ್ಟಿಯಲ್ಲಿ ನೂರಿಪ್ಪತ್ತೋ ನೂರೈವತ್ತೋ ಚೆಂಡು. ಕೋಚ್ ಅಥವಾ ಜತೆಗಾರ ಮೇಜಿನ ಬದಿಗೆ, ನೆಟ್‌ನಿಂದ ಸ್ವಲ್ಪ ಹಿಂದೆ ನಿಂತು ಎಡಗೈಯಲ್ಲಿ ಚೆಂಡು ಎತ್ತಿ ಬಲಗೈಯ ಬ್ಯಾಟ್‌ನಿಂದ ಕೊಡುತ್ತಲೇ ಹೋಗುತ್ತಾನೆ. ಸೆಕೆಂಡಿಗೊಂದು ಎಂದಿಟ್ಟುಕೊಳ್ಳಿ. ಬ್ಯಾಕ್‌ಸ್ಪಿನ್ (ಹಿಂದಕ್ಕೆ ತಿರುಗುವ ಚೆಂಡು) ಬೇಕಾದರೆ ಚೆಂಡಿನ ಅಡಿ ಸವರಿ, ಟಾಪ್‌ಸ್ಪಿನ್ ಬೇಕಾದರೆ ನೆತ್ತಿ ಸವರಿ. ಒಂದು ಫೋರ್‌ಹ್ಯಾಂಡ್ ಮೂಲೆಗೆ, ಒಂದು ನಡುವಿಗೆ, ಒಂದು ಬ್ಯಾಕ್‌ಹ್ಯಾಂಡಿಗೆ. ಒಂದು ಸೆಟ್ ಅರ್ಧದಿಂದ ಒಂದು ನಿಮಿಷ. ಕೊಡುವವನು ಇಲ್ಲಿ ಹಾಳು ಮಾಡುವುದು ಎರಡು ರೀತಿ: ಲಯ ತಪ್ಪಿಸಿ ಕೊಟ್ಟರೆ ಆಡುವವನ ಹೆಜ್ಜೆ ಕೆಡುತ್ತದೆ, ಸ್ಪಿನ್ ಇಲ್ಲದ ಸತ್ತ ಚೆಂಡು ಕೊಟ್ಟರೆ ಪಂದ್ಯದಲ್ಲಿ ಬರುವ ಚೆಂಡಿಗೂ ಇದಕ್ಕೂ ಸಂಬಂಧವೇ ಇಲ್ಲದಂತಾಗಿ ಅಭ್ಯಾಸ ದಂಡ. ಬುಟ್ಟಿ ಖಾಲಿಯಾದ ಮೇಲೆ ಹಾಲ್ ತುಂಬ ಚೆಂಡು. ಅವನ್ನು ಹೆಕ್ಕುವುದು ಯಾರೆಂಬುದರಲ್ಲೇ ಒಂದು ಅಕಾಡೆಮಿಯ ಜಾತಕ ತಿಳಿಯುತ್ತದೆ. ಸಣ್ಣ ಮಕ್ಕಳು ಮಾತ್ರ ಹೆಕ್ಕುತ್ತಿದ್ದರೆ ಒಂದು ಬಗೆ, ಚಾಂಪಿಯನ್ನೂ ಬಗ್ಗಿದರೆ ಇನ್ನೊಂದು ಬಗೆ. ದಿನಾ ಬುಟ್ಟಿಗಟ್ಟಲೆ ಕೊಡುವವನಿಗೆ ಭುಜ, ಮೊಣಕೈ ನೋವು ಬರುವುದು ಸಾಮಾನ್ಯ. ನಿಮ್ಮ ಕಥೆಗೆ ಗಾಯ ಬೇಕಿದ್ದರೆ ಲಾರಿ ಅಪಘಾತ ತರಬೇಡಿ, ಇದನ್ನು ತನ್ನಿ.

ಇನ್ನೂ ಒಳಗಿನ ತ್ಯಾಗ ರಬ್ಬರಿನದು. ಟಿಟಿ ಬ್ಯಾಟ್‌ನ ಎರಡು ಬದಿಗೆ ಎರಡು ಬೇರೆ ಗುಣದ ರಬ್ಬರ್ ಹಾಕಬಹುದು. ಹೆಚ್ಚಿನವರು ಎರಡೂ ಕಡೆ ನಯವಾದ, ಚೆಂಡನ್ನು ಹಿಡಿದು ತಿರುಗಿಸುವ ರಬ್ಬರ್ ಹಾಕುತ್ತಾರೆ. ಕೆಲವರು ಒಂದು ಬದಿಗೆ ಲಾಂಗ್ ಪಿಂಪಲ್ಸ್ ಹಾಕುತ್ತಾರೆ: ಉದ್ದ, ಮೆತ್ತನೆಯ ಮೊಳೆಗಳಂಥವು. ಅದರ ಮಾಯೆ ಏನೆಂದರೆ ನೀವು ಹಾಕಿದ ಸ್ಪಿನ್ ನಿಮಗೇ ವಾಪಸ್ ಬರುತ್ತದೆ. ನೀವು ಜೋರಾಗಿ ಟಾಪ್‌ಸ್ಪಿನ್ ಎಳೆದರೆ ಬ್ಯಾಕ್‌ಸ್ಪಿನ್ ಆಗಿ ಬರುತ್ತದೆ; ಮೊದಲಿನ ಹಾಗೆಯೇ ಮತ್ತೊಮ್ಮೆ ಎಳೆಯಲು ಹೋದರೆ ಚೆಂಡು ಸೀದಾ ನೆಟ್‌ಗೆ. ಅಭ್ಯಾಸ ಇಲ್ಲದವರು ಇಂಥವರ ಎದುರು ಮಕ್ಕಳ ಹಾಗೆ ಸೋಲುತ್ತಾರೆ.

ಊರಲ್ಲಿ ಪಿಂಪಲ್ಸ್ ಆಡುವವರು ಯಾರೂ ಇಲ್ಲ, ಟೂರ್ನಿಯಲ್ಲಿ ಅಂಥ ಎದುರಾಳಿ ಸಿಗುವುದು ಖಚಿತ ಎನ್ನಿ. ಗೆಳೆಯ ತನ್ನ ಬ್ಯಾಕ್‌ಹ್ಯಾಂಡ್ ರಬ್ಬರ್ ಕಿತ್ತು ಪಿಂಪಲ್ಸ್ ಹಚ್ಚಿಕೊಳ್ಳುತ್ತಾನೆ, ಇವನಿಗೆ ಅಭ್ಯಾಸ ಆಗಲಿ ಎಂದು. ಇದಕ್ಕೆ ಅವನು ಕೊಡುವ ಬೆಲೆ ದೊಡ್ಡದು. ನಯ ರಬ್ಬರಿನಲ್ಲಿ ಚೆಂಡನ್ನು ಸವರಿ ಎತ್ತಬೇಕು, ಪಿಂಪಲ್ಸ್‌ನಲ್ಲಿ ಒತ್ತಿ ಕತ್ತರಿಸಬೇಕು; ಬ್ಯಾಟಿನ ಕೋನವೂ ಬೇರೆ, ಹೊತ್ತೂ ಬೇರೆ. ಒಂದು ತಿಂಗಳು ಹಾಗೆ ಆಡಿ ಮತ್ತೆ ನಯ ರಬ್ಬರಿಗೆ ಬಂದರೆ ಹಳೆಯ ಬ್ಯಾಕ್‌ಹ್ಯಾಂಡ್ ಅಲ್ಲಿರುವುದಿಲ್ಲ, ಕೈ ಅದನ್ನು ಮತ್ತೆ ಕಲಿಯಬೇಕು. ಚೀನಾ ತಂಡದಲ್ಲಿ ಪರದೇಶದ ಎದುರಾಳಿಗಳ ಆಟ ನಕಲು ಮಾಡಲೆಂದೇ ಆಟಗಾರರು ಇರುತ್ತಿದ್ದರು. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಸ್ಕೋರ್‌ಬೋರ್ಡಿಗೂ ಏರಲಿಲ್ಲ.

ರಬ್ಬರ್ ಅಂಟಿಸುವ ದೃಶ್ಯ ತೆಗೆಯುವುದಾದರೆ ಸರಿಯಾಗಿ ತೆಗೆಯಿರಿ. ಹಳೆಯ ರಬ್ಬರನ್ನು ಹಿಡಿಯ ಬಳಿಯ ಮೂಲೆಯಿಂದ ನಿಧಾನಕ್ಕೆ, ಓರೆಯಾಗಿ ಎಳೆಯಬೇಕು. ಸಿಟ್ಟಿನಲ್ಲಿ ಪರ‍್ರನೆ ಕಿತ್ತರೆ ಮರದ ಸಿಬಿರೂ ಜತೆಗೆ ಬರುತ್ತದೆ. ಮರದ ಮೇಲೆ ಉಳಿದ ಹಳೆಯ ಅಂಟನ್ನು ಬೆರಳಿನಿಂದ ಉಜ್ಜಿ ತೆಗೆಯಬೇಕು. ಮರಕ್ಕೆ ಒಂದು ಕೋಟ್, ರಬ್ಬರಿನ ಕೆಳಗಿನ ಸ್ಪಂಜಿಗೆ ಎರಡು ಕೋಟ್ ನೀರು ಆಧಾರಿತ ಅಂಟು. ಹಚ್ಚುವಾಗ ಅದು ಹಾಲಿನ ಹಾಗೆ ಬಿಳಿ, ಒಣಗಿದಾಗ ಪಾರದರ್ಶಕ. ಬಿಳಿ ಚುಕ್ಕೆ ಒಂದೂ ಉಳಿಯದ ಮೇಲೆಯೇ ಜೋಡಿಸಬೇಕು. ನಮ್ಮ ಮಳೆಗಾಲದಲ್ಲಿ ಎಡವುವುದು ಇಲ್ಲೇ. ಬೇರೆ ಊರಿನಲ್ಲಿ ಕಾಲು ಗಂಟೆಗೆ ಒಣಗುವುದು ಜುಲೈಯಲ್ಲಿ ಇಲ್ಲಿ ಒಣಗುವುದಿಲ್ಲ. ಅವಸರ ಮಾಡಿದರೆ ತೇವ ಒಳಗೇ ಉಳಿದು ಗುಳ್ಳೆ ಏಳುತ್ತದೆ, ಅಂಚು ಬಿಡುತ್ತದೆ. ಹಿಡಿಯ ಕಡೆಯಿಂದ ಶುರು ಮಾಡಿ ಲಟ್ಟಣಿಗೆಯಿಂದ ಮೆಲ್ಲಗೆ ಉರುಳಿಸಿ ಕೂರಿಸಬೇಕು, ರಬ್ಬರನ್ನು ಎಳೆದು ಹಿಗ್ಗಿಸಬಾರದು. ಆಮೇಲೆ ಅಂಚು ಕತ್ತರಿಸುವುದು, ದಪ್ಪ ಪುಸ್ತಕಗಳ ಕೆಳಗಿಡುವುದು. ರಬ್ಬರ್, ಸ್ಪಂಜು, ಅಂಟು ಎಲ್ಲ ಸೇರಿ ದಪ್ಪ 4 ಮಿಲಿಮೀಟರ್ ಮೀರಬಾರದು. ಮೀರಿದರೆ ದೊಡ್ಡ ಟೂರ್ನಿಗಳ ತಪಾಸಣೆಯಲ್ಲಿ ಬ್ಯಾಟ್ ಅಲ್ಲೇ ಉಳಿಯುತ್ತದೆ. 2008ರ ಮೊದಲು ದ್ರಾವಕ ಇರುವ ಸ್ಪೀಡ್ ಗ್ಲೂ ಇತ್ತು, ಹಾಲ್ ಪೂರ್ತಿ ವಾಸನೆ. ಅದು ನಿಷೇಧವಾಗಿದೆ, ಈಗಿನ ಕಾಲದ ಕಥೆಯಲ್ಲಿ ಅದನ್ನು ಹಚ್ಚಿಸಬೇಡಿ.

ಬ್ಯಾಟ್ ವಿಷಯ ಬಂದಾಗ ಇನ್ನೊಂದು. ಅಪ್ಪನ ಹಳೆಯ ಬ್ಯಾಟನ್ನು ಫೈನಲ್ ನಡುವೆ ಯಾರೋ ಓಡಿ ಬಂದು ಕೊಡುತ್ತಾರೆ, ಅದರಿಂದ ಗೆಲ್ಲುತ್ತಾನೆ; ಈ ದೃಶ್ಯ ಯಾರದೋ ಕಂಪ್ಯೂಟರಿನಲ್ಲಿ ಈಗಾಗಲೇ ಬರೆದಾಗಿದೆ ಎಂಬ ಅನುಮಾನ ನಮಗೆ. ನಡೆಯುವುದಿಲ್ಲ. ಆಡಲಾಗದಷ್ಟು ಆಕಸ್ಮಿಕವಾಗಿ ಹಾನಿಯಾದ ಹೊರತು ಪಂದ್ಯದ ನಡುವೆ ಬ್ಯಾಟ್ ಬದಲಿಸುವಂತಿಲ್ಲ. ಸಿಟ್ಟಿಗೆ ಮೇಜಿಗೆ ಕುಟ್ಟಿ ಮುರಿದರೆ ಅದು ಆಕಸ್ಮಿಕವೂ ಅಲ್ಲ. ಅಪ್ಪನ ಕಾಲದ ಬ್ಯಾಟ್‌ಗೆ ಎರಡೂ ಬದಿ ಒಂದೇ ಬಣ್ಣ ಇದ್ದರೆ ಅದೂ ಆಗದು. ಒಂದು ಬದಿ ಕಪ್ಪು, ಇನ್ನೊಂದು ಬದಿ ಎದ್ದು ಕಾಣುವ ಬೇರೆ ಬಣ್ಣ ಇರಬೇಕು; 2021ರ ತನಕ ಕೆಂಪು ಮಾತ್ರ, ಈಗ ನೀಲಿ, ಹಸಿರು, ಗುಲಾಬಿ, ನೇರಳೆಯೂ ಆದೀತು. ಯಾವ ಬದಿಯಲ್ಲಿ ಪಿಂಪಲ್ಸ್, ಯಾವುದರಲ್ಲಿ ನಯ ಎಂದು ಎದುರಾಳಿಗೆ ಗುರುತು ಸಿಗಲಿ ಎಂದೇ ಈ ನಿಯಮ. ಕಂಟಿನ್ಯುಟಿ ನೋಡುವವರು ಬರೆದಿಟ್ಟುಕೊಳ್ಳಿ: ನಾಯಕನ ಫೋರ್‌ಹ್ಯಾಂಡ್ ಕೆಂಪು ಎಂದಾದರೆ ಇಡೀ ಪಂದ್ಯಕ್ಕೂ ಕೆಂಪು. ಅಪ್ಪನ ಬ್ಯಾಟ್ ಭಾವನೆಗೆ ಬೇಕಿದ್ದರೆ ಅದರ ಮರವನ್ನು ಮಾತ್ರ ಉಳಿಸಿ ಹೊಸ ರಬ್ಬರ್ ಹಚ್ಚಿಸಿ. ಆಟಗಾರರು ನಿಜವಾಗಿ ಮಾಡುವುದೂ ಅದನ್ನೇ. ದಿನಾ ಮೂರು ಗಂಟೆ ಆಡುವವನ ರಬ್ಬರ್ ಎರಡು ಮೂರು ತಿಂಗಳಲ್ಲಿ ಹಿಡಿತ ಕಳೆದುಕೊಳ್ಳುತ್ತದೆ, ಮರ ವರ್ಷಗಟ್ಟಲೆ ಬಾಳುತ್ತದೆ.

ಗೆಳೆತನ ತೋರಿಸಲು ಡಬಲ್ಸ್‌ಗಿಂತ ಒಳ್ಳೆಯದು ಇನ್ನೊಂದಿಲ್ಲ. ಟೆನಿಸ್, ಬ್ಯಾಡ್ಮಿಂಟನ್‌ಗಳ ಹಾಗಲ್ಲ ಇದು: ಇಲ್ಲಿ ಜೋಡಿ ಒಂದೊಂದು ಹೊಡೆತ ಸರದಿಯಂತೆ ಆಡಲೇಬೇಕು. ಹೊಡೆದವನು ತಕ್ಷಣ ಜಾಗ ಖಾಲಿ ಮಾಡಬೇಕು. 1.525 ಮೀಟರ್ ಅಗಲದ ಮೇಜಿನ ಹಿಂದೆ ಇಬ್ಬರು, ಒಬ್ಬ ಒಳಗೆ ಬರುವಾಗ ಇನ್ನೊಬ್ಬ ಹೊರಗೆ. ಇಬ್ಬರೂ ಬಲಗೈಯವರಾದರೆ ಗೋಲವಾಗಿ ಸುತ್ತಬೇಕು, ಹೊಸ ಜೋಡಿಗಳು ಭುಜಕ್ಕೆ ಭುಜ ಡಿಕ್ಕಿ ಹೊಡೆಯುವುದು ಇಲ್ಲೇ. ಒಬ್ಬ ಎಡಗೈಯವನಾದರೆ ಇಬ್ಬರೂ ತಮ್ಮ ತಮ್ಮ ಬದಿಗೆ ಸರಿದುಕೊಂಡರೆ ಸಾಕು. ಒಳ್ಳೆಯ ಎಡಗೈ ಹುಡುಗನಿಗೆ ಡಬಲ್ಸ್‌ನಲ್ಲಿ ಯಾವಾಗಲೂ ಗಿರಾಕಿ. ಸರ್ವಿಸ್ ಮಾಡುವ ಮೊದಲು ಮೇಜಿನ ಕೆಳಗೆ ಬೆರಳಿನ ಸಂಕೇತ: ತೋರುಬೆರಳು ಕೆಳಗಾದರೆ ಬ್ಯಾಕ್‌ಸ್ಪಿನ್, ಮುಷ್ಟಿಯಾದರೆ ಸ್ಪಿನ್ ಇಲ್ಲ, ಹೀಗೆ. ಪ್ರತಿ ಜೋಡಿಗೆ ತನ್ನದೇ ಭಾಷೆ. ಜೋಡಿ ಮುರಿದು ಹಳೆಯ ಗೆಳೆಯ ಎದುರು ಪಾಳಯದಲ್ಲಿ ನಿಂತಾಗ ಅವನಿಗೆ ಆ ಭಾಷೆ ಬರುತ್ತದೆ, ಕೆಳಗಿನ ಬೆರಳು ಕಾಣದಿದ್ದರೂ ಭುಜ ನೋಡಿಯೇ ಓದುತ್ತಾನೆ. ಓದಿದ್ದನ್ನು ತನ್ನ ಹೊಸ ಜೋಡಿಗೆ ಹೇಳುತ್ತಾನೋ ಇಲ್ಲವೋ? ಇದನ್ನು ನಿಮಗೆ ಉಚಿತವಾಗಿ ಕೊಟ್ಟಿದ್ದೇವೆ.

ನಿಜವಾದ ಜೋಡಿಯ ಉದಾಹರಣೆ ಬೇಕಾದರೆ ಸುತೀರ್ಥಾ ಮುಖರ್ಜಿ, ಐಹಿಕಾ ಮುಖರ್ಜಿ. ಅಡ್ಡಹೆಸರು ಒಂದೇ, ಆದರೆ ಅಕ್ಕತಂಗಿಯರಲ್ಲ. ಬಂಗಾಳದ ನೈಹಾಟಿಯಲ್ಲಿ ಒಟ್ಟಿಗೆ ಬೆಳೆದವರು. ಹಾಂಗ್‌ಝೌನಲ್ಲಿ 2023ರಲ್ಲಿ ನಡೆದ ಏಷ್ಯನ್ ಗೇಮ್ಸ್ ಕ್ವಾರ್ಟರ್ ಫೈನಲ್‌ನಲ್ಲಿ, ಚೀನಾದ ನೆಲದಲ್ಲೇ, ಅಲ್ಲಿನದೇ ಚೆನ್ ಮೆಂಗ್–ವಾಂಗ್ ಯಿಡಿ ಜೋಡಿಯನ್ನು ಸೋಲಿಸಿ ಕಂಚು ತಂದರು. ಒಬ್ಬಳ ಬ್ಯಾಟ್ ಸ್ಪಿನ್ ಕೊಂದು ಎದುರಾಳಿಯನ್ನು ಗಲಿಬಿಲಿ ಮಾಡುವುದು, ಆ ಗಲಿಬಿಲಿಯಲ್ಲಿ ಎತ್ತರ ಬಂದ ಚೆಂಡನ್ನು ಇನ್ನೊಬ್ಬಳು ಬಾರಿಸುವುದು. ಹೊಡೆದವಳ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಚೆಂಡು ಎತ್ತರ ಬರುವಂತೆ ಮಾಡಿದವಳದ್ದು ಆಟ ಬಲ್ಲವರಿಗಷ್ಟೇ ಕಾಣುತ್ತದೆ.

ತಂಡದ ಪಂದ್ಯದಲ್ಲೂ ಇಂಥದ್ದೊಂದು ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ಮಾದರಿಯಲ್ಲಿ ಮೊದಲು ಡಬಲ್ಸ್, ಆಮೇಲೆ ನಾಲ್ಕು ಸಿಂಗಲ್ಸ್. ಡಬಲ್ಸ್ ಆಡುವ ಇಬ್ಬರಿಗೆ ತಲಾ ಒಂದೇ ಸಿಂಗಲ್ಸ್. ಡಬಲ್ಸ್ ಆಡದ ಮೂರನೆಯವರಿಗೆ ಎರಡು. ಯಾರನ್ನು ಎಲ್ಲಿ ಇಡುವುದೆಂಬ ಚೀಟಿ ಬರೆಯುವ ಹೊತ್ತೇ ಒಂದು ಸಂಚಿಕೆ. ಅದೇ ಪ್ಯಾರಿಸ್‌ನಲ್ಲಿ ಭಾರತದ ಮಹಿಳೆಯರು ಕ್ವಾರ್ಟರ್ ಫೈನಲ್ ತಲುಪಿದರು. ಅಲ್ಲಿ ಜರ್ಮನಿಯ ಎದುರು ಸಿಕ್ಕಿದ ಒಂದೇ ಗೆಲುವು ಬೆಂಗಳೂರಿನ ಅರ್ಚನಾ ಕಾಮತ್ ಅವರದು. ಅದಾದ ಸ್ವಲ್ಪ ಸಮಯಕ್ಕೇ ಅವರು ಆಟ ಬಿಟ್ಟು ಓದಲು ವಿದೇಶಕ್ಕೆ ಹೊರಟರು. ಒಲಿಂಪಿಕ್ಸ್ ಆಡಿದವರಿಗೂ ಮುಂದೇನೆಂಬ ಪ್ರಶ್ನೆ ಇರುವ ಆಟ ಇದು. ನಿಮ್ಮ ನಾಯಕ ಕಪ್ ಗೆದ್ದ ಕೂಡಲೇ ಮನೆ ಸಾಲ ತೀರುವುದಿಲ್ಲ.

ಇನ್ನು ಚಿತ್ರೀಕರಣ. ಒಂದು ರ‍್ಯಾಲಿ ನಾಲ್ಕೈದು ಹೊಡೆತದಲ್ಲಿ ಮುಗಿಯುತ್ತದೆ, ಕೆಲವೇ ಸೆಕೆಂಡು. ಅದನ್ನು ಮೂರು ದಿನ ಎಳೆಯುವುದು ನಿಮಗೆ ಕಷ್ಟವಲ್ಲ ಎಂದು ಗೊತ್ತು, ಆದರೆ ಬೇಕಾಗಿಲ್ಲ; ಮಾತಿಗೆ ಆಟದೊಳಗೇ ಜಾಗ ಇದೆ. ಪ್ರತಿ ಆರು ಪಾಯಿಂಟಿಗೊಮ್ಮೆ ಟವೆಲ್. ಗೇಮ್‌ಗಳ ನಡುವೆ ಒಂದು ನಿಮಿಷ. ಪಂದ್ಯಕ್ಕೆ ಒಬ್ಬರಿಗೆ ಒಂದು ಟೈಮ್‌ಔಟ್, ಅದೂ ಒಂದು ನಿಮಿಷ. ಕೊನೆಯ ಗೇಮ್‌ನಲ್ಲಿ ಯಾರಾದರೂ 5 ತಲುಪಿದಾಗ ಬದಿ ಬದಲಾವಣೆ. ಗೆಳೆಯರಿಬ್ಬರೂ ಮೇಜು ಸುತ್ತಿ ಒಬ್ಬರನ್ನೊಬ್ಬರು ದಾಟಿಹೋಗುವ ಕ್ಷಣ. ಇಷ್ಟರಲ್ಲೇ ನಿಮ್ಮ ಸಂಭಾಷಣೆ ಕೂರಿಸಿ. ಗೇಮ್ 11ಕ್ಕೆ, 21ಕ್ಕಲ್ಲ, 2001ರಲ್ಲೇ ಬದಲಾಗಿದೆ. ಎರಡೆರಡು ಸರ್ವಿಸ್, 10–10 ಆದ ಮೇಲೆ ಒಂದೊಂದು, ಎರಡು ಪಾಯಿಂಟ್ ಅಂತರ ಬೇಕು.

ನಟರಿಗೆ ಮೊದಲು ಸರ್ವಿಸ್ ಕಲಿಸಿ. ಚೆಂಡು ತೆರೆದ ಅಂಗೈ ಮೇಲೆ, ಬೆರಳು ಮಡಚದೆ, ಮೇಜಿನ ಮಟ್ಟಕ್ಕಿಂತ ಮೇಲೆ, ಅಂಚಿನ ಗೆರೆಯ ಹಿಂದೆ. ನೆಟ್ಟಗೆ ಕನಿಷ್ಠ 16 ಸೆಂಟಿಮೀಟರ್ ಎಸೆದು, ಇಳಿಯುವಾಗ ಹೊಡೆಯಬೇಕು. ಎಸೆದ ಕೈ ತಕ್ಷಣ ಬದಿಗೆ ಹೋಗಬೇಕು, ಚೆಂಡು ಎದುರಾಳಿಗೆ ಮರೆಯಾಗಬಾರದು. ಹೆಚ್ಚಿನ ಜಾಹೀರಾತುಗಳಲ್ಲಿ ಚೆಂಡನ್ನು ಮುಷ್ಟಿಯಿಂದ ಸೀದಾ ಬ್ಯಾಟ್‌ಗೆ ಬಿಡುತ್ತಾರೆ. ನೋಡಿದ ಕೂಡಲೇ ನಮಗೆ ಕೈ ಎತ್ತಿ ಫಾಲ್ಟ್ ಕೊಡುವ ಚಪಲ. ದಿನಾ ಎರಡು ಗಂಟೆಯಂತೆ ಎರಡು ತಿಂಗಳು ಕೊಟ್ಟರೆ ನಟನೊಬ್ಬನ ಸರ್ವಿಸ್, ಫೋರ್‌ಹ್ಯಾಂಡ್ ಡ್ರೈವ್, ನಿಲುವು ನಂಬುವ ಹಾಗೆ ಆಗುತ್ತದೆ. ವೇಗದ ರ‍್ಯಾಲಿಗೆ ಹಿಂದಿನಿಂದ ತೆಗೆದ ಡೂಪ್ ಇರಲಿ. ಚೆಂಡನ್ನು ಗ್ರಾಫಿಕ್ಸ್‌ನಲ್ಲಿ ಸೇರಿಸುವುದಾದರೆ ಯಾರಾದರೂ ಪಕ್ಕದಲ್ಲಿ ತಾಳ ಹಾಕಿ ಇಬ್ಬರ ಕಣ್ಣೂ ಒಂದೇ ಹೊತ್ತಿಗೆ ಒಂದೇ ಕಡೆ ತಿರುಗುವಂತೆ ನೋಡಿಕೊಳ್ಳಿ. ಮೋಸ ಸಿಕ್ಕಿಬೀಳುವುದು ಕೈಯಲ್ಲಲ್ಲ, ಕಣ್ಣಲ್ಲಿ.

ಸೆಕೆಂಡಿಗೆ 20 ಮೀಟರ್ ಹೋಗುವ ಚೆಂಡನ್ನು ಕ್ಯಾಮೆರಾದ ಕಣ್ಣು ಸೆಕೆಂಡಿನ 1/50 ಭಾಗ ತೆರೆದಿರುವ ಶಟರ್‌ನಲ್ಲಿ ತೆಗೆದರೆ ಒಂದು ಫ್ರೇಮಿನಲ್ಲಿ 40 ಸೆಂಟಿಮೀಟರ್ ಉದ್ದದ ಬಿಳಿ ಗೀರು ಕಾಣುತ್ತದೆ. 1/500ಕ್ಕೆ ಹೋದರೆ 4 ಸೆಂಟಿಮೀಟರ್, ಚೆಂಡಿನ ವ್ಯಾಸದಷ್ಟೇ. ಆದರೆ ಅದಕ್ಕೆ ಬೆಳಕು ಬಹಳ ಬೇಕು, ಅದೂ ಮಿನುಗದ ದೀಪಗಳು; ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸಾಮಾನ್ಯ ದೀಪ ಸೆಕೆಂಡಿಗೆ ನೂರು ಸಲ ಮಿನುಗುವುದು ಹೆಚ್ಚಿನ ಶಟರ್‌ನಲ್ಲಿ ಪಟ್ಟೆಪಟ್ಟೆಯಾಗಿ ಸಿಗುತ್ತದೆ. ಬಿಳಿ ಚೆಂಡಾದರೆ ನಾಯಕನಿಗೆ ಬಿಳಿ ಟೀ-ಶರ್ಟ್ ಹಾಕಿಸಬೇಡಿ, ನಿಯಮದಲ್ಲೂ ಇಲ್ಲ, ಪರದೆಯಲ್ಲೂ ಚೆಂಡು ಮಾಯ.

ಧ್ವನಿ ಮಾಡುವವರಿಗೆ ಬೇರೆಯೇ ಮಾತು. ಸರ್ವಿಸ್ ಎಂದರೆ ಬ್ಯಾಟ್, ಮೇಜು, ಮೇಜು. ಅದರ ನಂತರ ಬ್ಯಾಟ್, ಮೇಜು, ಬ್ಯಾಟ್, ಮೇಜು. ಸರ್ವಿಸ್‌ನಲ್ಲಿ ಎರಡು ಮೇಜಿನ ಸದ್ದು ಇಲ್ಲದಿದ್ದರೆ ಕಣ್ಣು ಮುಚ್ಚಿ ಕೂತವನಿಗೂ ಸುಳ್ಳೆಂದು ಗೊತ್ತಾಗುತ್ತದೆ. ಬಾರಿಸಿದ ಚೆಂಡಿನ ಸದ್ದು ಗಟ್ಟಿ, ಸವರಿದ ಚೆಂಡಿಗೆ ಸದ್ದೇ ಕಡಿಮೆ. ಸೀಳು ಬಿಟ್ಟ ಚೆಂಡು ಒಡಕು ದನಿ ಮಾಡುತ್ತದೆ, ಆಟಗಾರರು ಕೂಡಲೇ ಕೈ ಎತ್ತಿ ಚೆಂಡು ಬದಲಿಸುತ್ತಾರೆ.

ಮಂಗಳೂರಿನಲ್ಲಿ ತೆಗೆಯುವುದಾದರೆ ಜೂನ್‌ನಿಂದ ಸೆಪ್ಟೆಂಬರ್ ಬೇಡ. ಶೀಟಿನ ಮಾಡಿನ ಮೇಲೆ ನಮ್ಮ ಮಳೆ ಬಿದ್ದರೆ ಪಕ್ಕದವರ ಮಾತೇ ಕೇಳದು, ಚೆಂಡಿನ ಸದ್ದು ದೂರದ ಮಾತು. ರಬ್ಬರ್ ಮೇಲೆ ತೇವ ಕೂತರೆ ಚೆಂಡು ಹಿಡಿತ ಸಿಗದೆ ಜಾರುತ್ತದೆ, ಎಳೆದ ಟಾಪ್‌ಸ್ಪಿನ್ ನೆಟ್‌ಗೆ ಬೀಳುತ್ತದೆ. ಆಗ ಎರಡು ಪಾಯಿಂಟಿಗೊಮ್ಮೆ ಬ್ಯಾಟನ್ನು ಅಂಗಿಗೆ ಒರೆಸುವುದು ಇಲ್ಲಿನ ಆಟಗಾರರ ಅಭ್ಯಾಸ. ಏಪ್ರಿಲ್, ಮೇ ತಿಂಗಳಲ್ಲಿ ಬೇರೆ ಕಷ್ಟ: ಚೆಂಡಿನ ತೂಕ 2.7 ಗ್ರಾಂ, ಫ್ಯಾನ್ ಹಾಕಿದರೆ ಹಾರುತ್ತದೆ, ಹಾಕದಿದ್ದರೆ ನಟರ ಮೇಕಪ್ ಇಳಿಯುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಂಗಳೂರಿನ ಲಾಲ್‌ಬಾಗ್‌ನ ಯು.ಎಸ್. ಮಲ್ಯ ಒಳಾಂಗಣ ಕ್ರೀಡಾಂಗಣವೋ ಉಡುಪಿಯ ಅಜ್ಜರಕಾಡೋ, ಎಲ್ಲೇ ಆದರೂ ಬಿಸಿಲು ಬರುವ ಕಿಟಕಿಗೆ ಮೊದಲು ಕಪ್ಪು ಬಟ್ಟೆ ಕಟ್ಟಿ.

ಈ ತೇವವನ್ನೇ ಕಥೆಗೂ ಬಳಸಬಹುದು. ಕರಾವಳಿಯಲ್ಲಿ ಕಲಿತ ಹುಡುಗಿ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುತ್ತಾಳೆ. ಅದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಗಾಳಿ ತುಸು ತೆಳು, ರಬ್ಬರ್ ಒಣಗಿ ಹಿಡಿತ ಜಾಸ್ತಿ. ಊರಲ್ಲಿ ಗೆರೆಯೊಳಗೆ ಬೀಳುತ್ತಿದ್ದ ಹೊಡೆತ ಅಲ್ಲಿ ಒಂದು ಬೆರಳು ಹೊರಗೆ. ಮೊದಲ ಸುತ್ತು ಹತ್ತು ಗಂಟೆಗೆ. ಕೈ ಹೊಂದಿಕೊಳ್ಳುವ ಮೊದಲೇ ಸೋತು ಅದೇ ರಾತ್ರಿ ವಾಪಸ್ ಬಸ್ಸು. ಒಂದು ದಿನ ಮುಂಚೆ ಹೋಗಿ ಉಳಿಯಲು ರೂಮಿನ ಬಾಡಿಗೆ ಬೇಕು, ಜತೆಗೆ ದೊಡ್ಡವರೊಬ್ಬರಿಗೆ ರಜೆಯೂ ಬೇಕು. ಅದನ್ನು ಯಾರು ಹೊಂದಿಸಿಕೊಟ್ಟರು ಎಂಬುದು ನಿಮ್ಮ ಗೆಳೆತನದ ಕಥೆಗೆ ಸಾಲದೇ?

ಭಾಷೆಯ ಬಗ್ಗೆ ಒಂದು ಮಾತು, ಆಟಕ್ಕೆ ಸಂಬಂಧ ಇಲ್ಲದಿದ್ದರೂ. ಮಂಗಳೂರು ಎಂದ ಕೂಡಲೇ ಪ್ರತಿ ವಾಕ್ಯಕ್ಕೂ ‘ಎಂತ ಮಾರಾಯ’ ಅಂಟಿಸಬೇಡಿ. ಇಲ್ಲಿನ ಮಕ್ಕಳು ಮೇಜಿನ ಹತ್ತಿರ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಆಡುತ್ತಾರೆ. ಕೋಚನ್ನು ‘ಸರ್’ ಎನ್ನುತ್ತಾರೆ, ಸೀನಿಯರನ್ನು ‘ಅಣ್ಣ’, ‘ಅಕ್ಕ’ ಎನ್ನುತ್ತಾರೆ. ಪಾಯಿಂಟ್ ಗೆದ್ದಾಗ ಎಲ್ಲರೂ ಕೂಗುವುದು ಮಾತ್ರ ‘ಚೋ!’ ಎಂದು. ಎದುರಾಳಿಯ ಮುಖಕ್ಕೇ ತಿರುಗಿ ಕೂಗುತ್ತಿದ್ದರೆ ಅಂಪೈರ್ ಹಳದಿ ಕಾರ್ಡ್ ತೆಗೆದಾರು, ಅದೂ ನೆನಪಿರಲಿ.

ಚಿತ್ರಕಥೆ ಓದಿ ತಪ್ಪು ಗುರುತಿಸಿಕೊಡಲು, ನಟರಿಗೆ ಕಲಿಸಲು, ಸೆಟ್‌ನಲ್ಲಿ ಅಂಪೈರ್ ಕುರ್ಚಿಯಲ್ಲಿ ಕೂರಲು ಈ ಎರಡು ಜಿಲ್ಲೆಗಳಲ್ಲಿ ಜನ ಇದ್ದಾರೆ. ಕರೆಯುವುದಾದರೆ ಸೆಟ್ ಹಾಕುವ ಮೊದಲೇ ಕರೆಯಿರಿ. ಎಡಿಟಿಂಗ್ ಮುಗಿದ ಮೇಲೆ ತೋರಿಸಿ ‘ಸರಿ ಇದೆಯಾ ಸರ್’ ಎಂದು ಕೇಳಿದರೆ ನಾವು ಹೇಳುವ ತಿದ್ದುಪಡಿಗೆ ನಿಮ್ಮಲ್ಲಿ ಬಜೆಟ್ ಉಳಿದಿರುವುದಿಲ್ಲ.

ಇಂತಿ,
ಮಂಗಳೂರು ಮತ್ತು ಉಡುಪಿಯ ಕೆಲವು ಟೇಬಲ್ ಟೆನಿಸ್ ತರಬೇತುದಾರರು, ಅಂಪೈರ್‌ಗಳು, ಆಟಗಾರರು